ಒಡೆದ ಕೈಗೆ ವಿಚ್ ಹೇಝಲ್ ಹಚ್ಚಬಹುದಾ? ಯಾವ ಬ್ರ್ಯಾಂಡ್ ಒಳ್ಳೆಯದು?

ಪಾತ್ರೆ ತೊಳೆದು ತೊಳೆದು ಕೈ ಕೆಂಪಾಗಿದೆ, ಒಡೆದಿದೆ, ರಾತ್ರಿಯೆಲ್ಲ ತುರಿಕೆ ಅಂತ ಬರೆದಿದ್ದೀರಿ. ಕೊನೆಗೆ "ನ್ಯಾಚುರಲ್ ಅಲ್ವಾ, ಸೈಡ್ ಎಫೆಕ್ಟ್ ಇರಲ್ಲ ಅಲ್ವಾ" ಅಂತ ಬೇರೆ. ಆ ಎರಡು "ಅಲ್ವಾ" ಓದಿ ನನ್ನ 2018ರ ಚಳಿಗಾಲ ನೆನಪಾಯಿತು.

ಆಗ ನಾವಿದ್ದದ್ದು ಅಮೆರಿಕದ ಕನೆಕ್ಟಿಕಟ್‌ನಲ್ಲಿ. ಬಾಟಲಿಯಲ್ಲಿ ಸಿಗುವ ಈ ವಿಚ್ ಹೇಝಲ್ ನೀರಿಗೆ ಅದು ತವರುಮನೆ ಇದ್ದ ಹಾಗೆ. ವಿಚ್ ಹೇಝಲ್ ಅಲ್ಲಿಯ ಕಾಡಿನ ಒಂದು ಪೊದೆ. ಬೇರೆ ಗಿಡಗಳ ಎಲೆ ಉದುರುವ ಅಕ್ಟೋಬರ್-ನವೆಂಬರ್‌ನಲ್ಲಿ ಇದು ಹೂ ಬಿಡುತ್ತದೆ, ಅರಿಶಿನ ದಾರದ ತುಂಡುಗಳನ್ನು ಕಡ್ಡಿಗೆ ಸಿಕ್ಕಿಸಿದ ಹಾಗೆ. ಆ ಕಡ್ಡಿಗಳನ್ನು ಚೂರು ಮಾಡಿ, ಹಬೆ ಹಾಯಿಸಿ ಭಟ್ಟಿ ಇಳಿಸುತ್ತಾರೆ. ಹೆಸರಿನ 'ವಿಚ್'ಗೂ ಮಾಟಗಾತಿಗೂ ಸಂಬಂಧವಿಲ್ಲ, ಬಾಗುವಂಥದ್ದು ಅನ್ನುವ ಅರ್ಥದ ಹಳೇ ಇಂಗ್ಲಿಷ್ ಪದ ಅದು. ಬಾಣಂತನಕ್ಕೆ ಅಂತ ತೀರ್ಥಹಳ್ಳಿಯಿಂದ ಬಂದಿದ್ದ ಅಮ್ಮ ಮಾತ್ರ ಕೊನೆವರೆಗೂ "ಮಾಟಗಾತಿ ನೀರು" ಅಂತಲೇ ಕರೆದಳು.

ಹೆರಿಗೆಯಾದ ಮೇಲೆ ಆಸ್ಪತ್ರೆಯಲ್ಲಿ ಈ ನೀರಲ್ಲಿ ನೆನೆಸಿದ ಪ್ಯಾಡ್ ಕೊಟ್ಟಿದ್ದರು. ಹೊಲಿಗೆ ಹಾಕಿದ ಜಾಗಕ್ಕೆ ತಣ್ಣಗೆ, ಹಾಯಾಗಿತ್ತು. ಅಲ್ಲಿಂದ ನಾನು ಅದರ ಭಕ್ತೆ. ಎರಡು ತಿಂಗಳಲ್ಲಿ ನನ್ನ ಕೈ ಹಾಳಾಯಿತು. ದಿನಕ್ಕೆ ಹತ್ತು ಸಲ ಹಾಲಿನ ಬಾಟಲಿ ತೊಳೆಯೋದು, ಮನೆಯಲ್ಲಿ ಇಡೀ ದಿನ ಹೀಟರ್. ಬೆರಳು ಎಷ್ಟು ಒಡೆದಿತ್ತು ಅಂದ್ರೆ, ಮಗುವಿನ ಕಂಬಳಿ ಮುಟ್ಟಿದರೆ ಎಳೆ ಸಿಕ್ಕಿಕೊಂಡು ಬರುತ್ತಿತ್ತು. ನಾನು ಸೀದಾ ಅಂಗಡಿಗೆ ಹೋಗಿ ಒಂದು ದೊಡ್ಡ ಬಾಟಲಿ ತಂದೆ.

ನನ್ನ ತಪ್ಪು ಇಲ್ಲಿದೆ, ಸ್ವಲ್ಪ ನಿಧಾನವಾಗಿ ಓದಿ. ಹಚ್ಚಿದ ಕೂಡಲೇ ಉರಿಯಿತು. ಜೋರಾಗಿ. ನಾನು ಅದನ್ನು "ಕೆಲಸ ಮಾಡ್ತಾ ಇದೆ" ಅಂತ ಅಂದುಕೊಂಡೆ. ಇದಕ್ಕೆ ನನ್ನದೇ ಒಂದು ಥಿಯರಿ ಬೇರೆ ಇತ್ತು. ನಾನು ಅಡಿಕೆ ಬೇಯಿಸುವ ಮನೆಯವಳು. ಅಡಿಕೆ ಬೇಯಿಸಿದ ಒಗರು ನೀರಿನಲ್ಲಿ, ಅಂದ್ರೆ ಚೊಗರಿನಲ್ಲಿ, ಕೈ ಅದ್ದಿದರೆ ಚರ್ಮ ಹೇಗೆ ಬಿಗಿದುಕೊಳ್ಳುತ್ತದೆ ಅಂತ ಗೊತ್ತು. ವಿಚ್ ಹೇಝಲ್ ತೊಗಟೆಯಲ್ಲೂ ಅದೇ ಒಗರು ಇದೆ, ಅದು ಚರ್ಮವನ್ನು ಬಿಗಿ ಮಾಡುತ್ತದೆ, ಬಿರುಕು ಮುಚ್ಚುತ್ತದೆ! ಆಮೇಲೆ ಗೊತ್ತಾಯಿತು, ಭಟ್ಟಿ ಇಳಿಸುವಾಗ ಒಗರು ಹೆಚ್ಚುಕಡಿಮೆ ಹಂಡೆಯಲ್ಲೇ ಉಳಿಯುತ್ತದೆ, ಹಬೆಯ ಜೊತೆ ಬರೋದಿಲ್ಲ. ಮತ್ತೆ ನನ್ನ ಕೈ ಉರಿದದ್ದು ಯಾಕೆ? ನೀರು ಕೆಡದಿರಲಿ ಅಂತ ಸೇರಿಸಿದ 14% ಆಲ್ಕೋಹಾಲ್‌ಗೆ. ಬಾಟಲಿಯ ಹಿಂದೆ ಅದನ್ನು ಬರೆದೇ ಇದ್ದರು. ನಾನು ಮುಂದಿನ ಹಸಿರು ಎಲೆ ಚಿತ್ರ ನೋಡಿ ಸುಮ್ನಿದ್ದೆ. ಉರಿ ಜಾಸ್ತಿಯಾದ ಹಾಗೆಲ್ಲ ಜಾಸ್ತಿ ಹಚ್ಚಿದೆ. ಮೂರು ಸಲ ಇದ್ದದ್ದು ಆರು ಸಲ ಆಯಿತು, ಆಮೇಲೆ ರಾತ್ರಿ ಹತ್ತಿಯಲ್ಲಿ ನೆನೆಸಿ ಬೆರಳಿಗೆ ಸುತ್ತಿಕೊಂಡು ಮಲಗಿದೆ. ಅಮ್ಮ ಒಂದೇ ಮಾತು ಕೇಳಿದಳು, "ಉರಿಯೋ ಕೈಗೆ ಉರಿಸೋದು ಹಚ್ತಾರೇನೇ?" ನಾನು ಅವಳಿಗೆ ಒಗರಿನ ಪಾಠ ಮಾಡಿದೆ.

ಮೂರನೇ ವಾರಕ್ಕೆ ಬಿರುಕುಗಳಿಂದ ನೀರು ಸೋರಲು ಶುರುವಾಯಿತು. ಚರ್ಮದ ಡಾಕ್ಟರ್ ಬಾಟಲಿ ತಿರುಗಿಸಿ, ಆ 14ರ ಕೆಳಗೆ ಹೆಬ್ಬೆರಳಿಟ್ಟು ತೋರಿಸಿದರು. ಕೈ ಸರಿಹೋಗೋಕೆ ಇನ್ನೂ ಒಂದೂವರೆ ತಿಂಗಳು ಹಿಡಿಯಿತು. ಉಳಿದರ್ಧ ಬಾಟಲಿಯನ್ನು ನನ್ನ ಗಂಡ ಗಡ್ಡ ತೆಗೆದ ಮೇಲೆ ಹಚ್ಚಿಕೊಂಡು ಖಾಲಿ ಮಾಡಿದರು. ಅವರಿಗೆ ಏನೂ ಆಗಲಿಲ್ಲ, ಅವರ ಕೆನ್ನೆ ಒಡೆದಿರಲಿಲ್ಲವಲ್ಲ.

ಹಾಗಾಗಿ ಯಾವ ಬ್ರ್ಯಾಂಡ್ ಅನ್ನೋ ಪ್ರಶ್ನೆಯೇ ತಪ್ಪು. ಸೊಳ್ಳೆ ಕಚ್ಚಿದ್ದಕ್ಕೆ, ಸಣ್ಣ ತರಚು ಗಾಯಕ್ಕೆ ಇದು ಸರಿ, ಅಮೆರಿಕದ ನಿಯಮದಲ್ಲೂ ಇದಕ್ಕೆ ಒಪ್ಪಿಗೆ ಇದೆ. ಆಲ್ಕೋಹಾಲ್ ಇಲ್ಲದ್ದು ಸಿಗುತ್ತದೆ, ಉರಿ ಕಡಿಮೆ. ಆದರೆ ಎಕ್ಸಿಮಾಗೆ, ಅಂದ್ರೆ ಚರ್ಮ ಕೆಂಪಾಗಿ, ಒಡೆದು, ತುರಿಸುವ ಇಂಥ ತೊಂದರೆಗೆ, ಪ್ರಯೋಜನ? 1995ರಲ್ಲಿ ಜರ್ಮನಿಯಲ್ಲಿ 72 ಎಕ್ಸಿಮಾ ರೋಗಿಗಳ ಮೇಲೆ ಪರೀಕ್ಷೆ ಮಾಡಿದಾಗ, ಈ ನೀರು ಸೇರಿಸಿದ ಕ್ರೀಮು ಬರೀ ಕ್ರೀಮಿಗಿಂತ ಹೆಚ್ಚೇನೂ ಮಾಡಲಿಲ್ಲ. ಹೋಮಿಯೋಪಥಿ ಅಂಗಡಿಯ ಹ್ಯಾಮಮೆಲಿಸ್ ಮದರ್ ಟಿಂಕ್ಚರ್ ಕೂಡ ಇದೇ ಗಿಡದ್ದು, ಅದರಲ್ಲಿ ಆಲ್ಕೋಹಾಲ್ ಇನ್ನೂ ಜಾಸ್ತಿ. ಅದಂತೂ ಬೇಡವೇ ಬೇಡ.

ನಿಮಗೆ ಬೇಕಿರೋದು ಒಣಗಿಸುವ ವಸ್ತು ಅಲ್ಲ. ಪಾತ್ರೆ ತೊಳೆಯುವಾಗ ಒಳಗೆ ಹತ್ತಿ ಗ್ಲೌಸು, ಮೇಲೆ ರಬ್ಬರ್ ಗ್ಲೌಸು. ಕೈ ಒರೆಸಿ ಇನ್ನೂ ಸ್ವಲ್ಪ ಪಸೆ ಇರುವಾಗಲೇ ದಪ್ಪಗೆ ವ್ಯಾಸಲೀನ್. ಹದಿನೈದು ದಿನದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ, ನೀರು ಸೋರುತ್ತಿದ್ದರೆ ನಾಳೆಯೇ ಹೋಗಿ. ಮೆಡಿಕಲ್ ಶಾಪಿನವನು ಕೌಂಟರ್ ಮೇಲಿಂದ ತೆಗೆದುಕೊಡುವ ಸ್ಟಿರಾಯ್ಡ್ ಟ್ಯೂಬ್ ಮಾತ್ರ ನೀವಾಗಿ ಹಚ್ಚಬೇಡಿ. ಅದು ಉರಿಯೋದಿಲ್ಲ, ಹಾಯಾಗಿರುತ್ತದೆ, ಹಚ್ಚುತ್ತಲೇ ಇರೋಣ ಅನಿಸುತ್ತದೆ, ಅದಕ್ಕೇ ಹೇಳಿದೆ.