ಉಬ್ಬರ ಗದ್ದೆಗೇರುತ್ತಿದೆ, ಬಾವಿ ಉಪ್ಪಾಗುತ್ತಿದೆ: ಊರವರೇ ಏನೇನು ಅಳೆಯಬೇಕು

ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರಕ್ಕೆ ಉಪ್ಪುನೀರು ಗದ್ದೆಗೆ ನುಗ್ಗುತ್ತಿದೆ, ಬೇಸಿಗೆ ಕೊನೆಗೆ ಬಾವಿಯೂ ಉಪ್ಪಾಗುತ್ತಿದೆ, ದೊಡ್ಡ ಪ್ರದೇಶದ ಹವಾಮಾನ ವರದಿ ನೋಡಿದರೆ ನಮ್ಮ ಕಾಲುವೆ ಬಗ್ಗೆ ಏನೂ ತಿಳಿಯುವುದಿಲ್ಲ ಅಂತ ಕೇಳಿದ್ದೀರಿ. ಮೂರು ಅಳತೆ ಶುರು ಮಾಡಿ: ಮಳೆ, ಉಬ್ಬರದ ಎತ್ತರ, ಬಾವಿಯ ಉಪ್ಪು. ಉಷ್ಣಾಂಶಕ್ಕೆ ಸದ್ಯ ಹತ್ತಿರದ ಹವಾಮಾನ ಕೇಂದ್ರದ ಅಂಕಿಗಳೇ ಸಾಕು.

ಮಳೆಮಾಪಕ ಸುಲಭ. ಮರ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಿ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಓದಿ. ಓದಲು ಮರೆತ ದಿನ 0 ಬರೆಯಬೇಡಿ, ‘ನೋಡಿಲ್ಲ’ ಅಂತ ಬರೆಯಿರಿ. ಈ ಒಂದು ತಪ್ಪಿನಿಂದಲೇ ಎಷ್ಟೋ ಪುಸ್ತಕಗಳು ಕೆಲಸಕ್ಕೆ ಬಾರದೆ ಹೋಗುತ್ತವೆ.

ಉಬ್ಬರಕ್ಕೆ ಸೇತುವೆಯ ಕಂಬದಂಥ ಅಲುಗಾಡದ ಜಾಗದಲ್ಲಿ ಸೆಂಟಿಮೀಟರ್ ಗುರುತಿನ ಪಟ್ಟಿ ಕೂರಿಸಿ. ಅದರ ಸೊನ್ನೆ ಗುರುತನ್ನು ಹತ್ತಿರದ ಗಟ್ಟಿ ಕಾಂಕ್ರೀಟಿನ ಮೇಲಿನ ಒಂದು ಗುರುತಿಗೆ ಲೆವೆಲ್ ಪೈಪಿನಿಂದ (ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಕೊಳವೆ) ಹೊಂದಿಸಿ ಬರೆದಿಡಿ. ಪಟ್ಟಿ ಕಿತ್ತುಹೋದರೂ ಲೆಕ್ಕ ಉಳಿಯುತ್ತದೆ. ಪೈಪಿನಲ್ಲಿ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆ, ನೋಡಿಕೊಳ್ಳಿ. ಅದೇ ಪೈಪಿನಲ್ಲಿ ಕಟ್ಟೆಯ ಮೇಲ್ಮಟ್ಟವನ್ನೂ ಹತ್ತು ಹೆಜ್ಜೆಗೊಮ್ಮೆ ಅಳೆಯಿರಿ. ನೀರು ನುಗ್ಗುವುದು ಎಲ್ಲಕ್ಕಿಂತ ತಗ್ಗಾದ ಜಾಗದಲ್ಲಿ, ಹಾಗಾಗಿ ಕಟ್ಟೆಯ ಸರಾಸರಿ ಎತ್ತರದಿಂದ ಏನೂ ಪ್ರಯೋಜನವಿಲ್ಲ.

ಯಾವ ದಿನ ಎಷ್ಟು ಉಬ್ಬರ ಅಂತ ಮೊದಲೇ ಹೇಳುವ ಮುದ್ರಿತ ಉಬ್ಬರಪಟ್ಟಿಯ ಸೊನ್ನೆಯೂ ನಿಮ್ಮ ಅಳತೆಪಟ್ಟಿಯ ಸೊನ್ನೆಯೂ ಬೇರೆ ಬೇರೆ. ಗಾಳಿಮಳೆಯಿಲ್ಲದ ಹದಿನೈದು ದಿನ ಎರಡನ್ನೂ ಹೋಲಿಸಿ, ಸರಾಸರಿ ವ್ಯತ್ಯಾಸ ತೆಗೆಯಿರಿ. ಆಮೇಲೆ ಉಬ್ಬರಪಟ್ಟಿಯ ಅಂಕಿಯನ್ನು ಆ ವ್ಯತ್ಯಾಸದಿಂದ ಸರಿಪಡಿಸಿದಾಗ ಬರುವ ಮಟ್ಟಕ್ಕಿಂತ ನೀರು ಎಷ್ಟು ಹೆಚ್ಚು ಏರಿತು ಅನ್ನುವುದೇ ಮುಖ್ಯ. ವಾಯುಭಾರ 1 ಹೆಕ್ಟೋಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂ.ಮೀ. ಏರುತ್ತದೆ, ದಡದತ್ತ ಬೀಸುವ ಗಾಳಿ, ಹೊಳೆಯ ನೆರೆ ಅದರ ಮೇಲೆ ಸೇರುತ್ತವೆ. ಗಾಳಿ, ಮಳೆಯನ್ನೂ ಪಕ್ಕದಲ್ಲೇ ಬರೆದಿಟ್ಟರೆ ಮುಂದಿನ ಸಲ ಎಚ್ಚರಿಕೆ ಬಂದಾಗ ಯಾವ ತಗ್ಗಿಗೆ ಮಣ್ಣುಚೀಲ ಬೇಕು ಅಂತ ಎರಡು ದಿನ ಮೊದಲೇ ಹೇಳಬಹುದು.

ಬಾವಿಯ ವಿಷಯದಲ್ಲಿ ಹೆಚ್ಚು ಜಾಗ್ರತೆ ಬೇಕು. ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಬಾವಿಯ ನೀರಿನ ಮಟ್ಟ ಸಮುದ್ರಮಟ್ಟಕ್ಕಿಂತ 1 ಅಡಿ ಮೇಲಿದ್ದರೆ ಸಮುದ್ರಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಅನ್ನುವುದು ಸ್ಥೂಲ ಲೆಕ್ಕ. ಅಂದರೆ ದೊಡ್ಡ ಮೋಟಾರು ಹಾಕಿ ಗಂಟೆಗಟ್ಟಲೆ ಎಳೆದರೆ ಮೇಲ್ಮಟ್ಟ ಸ್ವಲ್ಪ ಇಳಿದರೂ ಅಡಿಯ ಉಪ್ಪು ಬಹಳ ಮೇಲೇರುತ್ತದೆ. ಸ್ವಲ್ಪ ಹೊತ್ತು ಎತ್ತಿ, ಬಿಡುವು ಕೊಟ್ಟು, ಮತ್ತೆ ಎತ್ತಿ. ಸಾಧ್ಯವಾದರೆ ಹಲವು ಬಾವಿಗಳಿಗೆ ಹಂಚಿ.

ಉಪ್ಪನ್ನು ಅಳೆಯುವುದು ಇಸಿ ಮೀಟರಿನಿಂದ. ಇಸಿ ಅಂದರೆ ನೀರಿನ ವಿದ್ಯುತ್ ವಾಹಕತೆ, ಉಪ್ಪು ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಮೀಟರನ್ನು 1413 ಮೈಕ್ರೋಸೀಮೆನ್ಸ್/ಸೆಂ.ಮೀ. ಇರುವ ಪ್ರಮಾಣಿತ ದ್ರಾವಣದಲ್ಲಿ ತಿಂಗಳಿಗೊಮ್ಮೆ ಸರಿಹೊಂದಿಸಿ. ವಾರಕ್ಕೊಮ್ಮೆ, ಮೋಟಾರು ಹಾಕುವ ಮೊದಲು, ಪ್ರತಿ ಸಲ ಒಂದೇ ಆಳದಿಂದ ನೀರು ತೆಗೆಯಿರಿ. ಮೇಲೆ ತೇಲುವ ನೀರನ್ನಷ್ಟೇ ಬಕೆಟಿನಲ್ಲಿ ಎತ್ತಿದರೆ ಬಾವಿ ಚೆನ್ನಾಗಿದೆ ಅಂತಲೇ ತೋರುತ್ತದೆ. ನೀರಿನ ಮಟ್ಟವನ್ನೂ ಜೊತೆಗೇ ಬರೆಯಿರಿ.

ನೀರಾವರಿಗೆ ಇಸಿ 0.7 ಡೆಸಿಸೀಮೆನ್ಸ್/ಮೀಟರ್ (ಅಂದರೆ 700 ಮೈಕ್ರೋಸೀಮೆನ್ಸ್/ಸೆಂ.ಮೀ.) ಒಳಗಿದ್ದರೆ ಚಿಂತೆಯಿಲ್ಲ. 2ರ ಸುಮಾರಿಗೆ ಭತ್ತದ ಇಳುವರಿ ಕುಗ್ಗತೊಡಗುತ್ತದೆ, ಬೀನ್ಸಿಗೆ 1ರ ಒಳಗೇ ಪೆಟ್ಟು. 3 ದಾಟಿದರೆ ಉಪ್ಪು ತಡೆಯುವ ಬೆಳೆಗಷ್ಟೇ ಬಿಡಿ. ಇಸಿ 2 ಇರುವ ನೀರನ್ನು ಒಂದು ಎಕರೆಗೆ 50 ಮಿ.ಮೀ. ಹಾಯಿಸಿದರೆ ಸುಮಾರು 250 ಕಿಲೋ ಉಪ್ಪು ಹೊಲಕ್ಕೆ ಸುರಿದಂತೆ. ಅದನ್ನು ತೊಳೆಯಲು ಮಳೆ ಬರಬೇಕು, ಬಸಿಗಾಲುವೆಯೂ ತೆರೆದಿರಬೇಕು. ಬಿತ್ತನೆಯ ದಿನ ಗೊತ್ತುಮಾಡಲು ಮಳೆಯ ಪುಸ್ತಕವನ್ನೂ ಇಸಿ ಪುಸ್ತಕವನ್ನೂ ಒಟ್ಟಿಗೇ ನೋಡಿ: ಮೊದಲ ಮಳೆಗೇ ಬಿತ್ತದೆ, ಗದ್ದೆಯಿಂದ ಬಸಿದು ಬರುವ ನೀರಿನ ಇಸಿ ಇಳಿದ ಮೇಲೆ ಬಿತ್ತಿ.

ಎರಡು ಮೂರು ವರ್ಷದ ಅಂಕಿ ಹಿಡಿದು ಸಮುದ್ರ ಏರಿದೆ ಅಂತ ವಾದಿಸಲು ಹೋಗಬೇಡಿ. ಚಂದ್ರನ ಪಥದಿಂದಾಗಿ ಉಬ್ಬರ 18.6 ವರ್ಷದ ಚಕ್ರದಲ್ಲಿ ತಾನಾಗಿಯೇ ಹೆಚ್ಚು ಕಡಿಮೆಯಾಗುತ್ತದೆ. ಹವಾಮಾನದ ಸರಾಸರಿಗೂ 30 ವರ್ಷ ಬೇಕು. ಆ ಮಾತಿಗೆ ಬಂದರಿನ ಹಳೆಯ ಉಬ್ಬರಮಾಪಕದ ದಾಖಲೆ ಬಳಸಿ. ಕಟ್ಟೆ, ತೂಬು, ಬಿತ್ತನೆಯ ತೀರ್ಮಾನಕ್ಕೆ ನಿಮ್ಮ ಪುಸ್ತಕ ಎರಡನೇ ವರ್ಷದಿಂದಲೇ ಸಹಾಯಕ್ಕೆ ಬರುತ್ತದೆ.

ನಿಮ್ಮ ತೂಬಿಗಿರುವುದು ಹಲಗೆಯೋ, ತಾನೇ ಮುಚ್ಚಿಕೊಳ್ಳುವ ಬಾಗಿಲೋ ತಿಳಿಸಿ. ಬಾಗಿಲಾದರೆ ಸಂದಿಯಲ್ಲಿ ಕಸ ಸಿಕ್ಕಿ ಅರ್ಧ ತೆರೆದೇ ಉಳಿದಿದೆಯೇ ಅಂತ ಇಳಿತದ ಹೊತ್ತಿಗೆ ಮೊದಲು ನೋಡಿ.