ಚಪಾತಿ ಬಿಟ್ಟರೂ ಇಳಿಯದ ಟಿಟಿಜಿ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಧಾರವಾಡ ಕಡೆಯ ಕೂಡುಕುಟುಂಬದ ಸೊಸೆ, ವಯಸ್ಸು 31. ಕಬ್ಬಿಣದ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿಲ್ಲವೇಕೆ ಎಂದು ಹುಡುಕುವಾಗ ಸೀಲಿಯಾಕ್ ಕಾಯಿಲೆ ಪತ್ತೆಯಾಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣ ಕರುಳಿನ ಒಳಪದರ ಕೆಡುವ ಕಾಯಿಲೆಯಿದು. ಎಂಡೋಸ್ಕೋಪಿಯಲ್ಲಿ ತೆಗೆದ ಕರುಳಿನ ಚೂರಿನ ಪರೀಕ್ಷೆಯೂ ಅದನ್ನೇ ಹೇಳಿತು. ಅಂದಿನಿಂದ ಚಪಾತಿ, ಉಪ್ಪಿಟ್ಟು, ಶಾವಿಗೆ, ಬಿಸ್ಕತ್ತು ಎಲ್ಲ ಬಂದ್. ಊಟಕ್ಕೆ ಜೋಳದ ರೊಟ್ಟಿ ಮತ್ತು ಅನ್ನ. ಈ ಕಾಯಿಲೆಯ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆಯೆಂದು ತೋರಿಸುವ ಟಿಟಿಜಿ-ಐಜಿಎ ಅಂಕಿ ಮೊದಲ ಆರು ತಿಂಗಳು ಇಳಿಯಿತು, ಆಮೇಲೆ ನಿಂತಲ್ಲೇ ನಿಂತಿತು. ಹೊಟ್ಟೆಯುಬ್ಬರ, ಸುಸ್ತು ಹೋಗಲಿಲ್ಲ. "ಕದ್ದು ತಿಂತಾಳೇನೋ" ಎಂಬ ಮಾತು ಮನೆಯಲ್ಲಿ ಹುಟ್ಟಿಕೊಂಡಿತು. ಆಕೆ ಆಪ್ತಸಲಹೆಗೆ ಬಂದದ್ದು ಆ ಮಾತಿನ ನೋವಿಗೆ. ಅಡುಗೆಮನೆಯ ಮೇಲೆ ಆಕೆಗೆ ಅನುಮಾನವೇ ಇರಲಿಲ್ಲ.

ಇಂಥ ಪ್ರಕರಣಗಳಲ್ಲಿ ರೋಗಿಯನ್ನು ಪಾಟೀಸವಾಲಿಗೆ ಒಡ್ಡುವುದಕ್ಕಿಂತ ಹಿಟ್ಟಿನ ಜಾಡು ಹಿಡಿಯುವುದು ಮೇಲು. ಅಡುಗೆಯ ಯಜಮಾನಿಕೆ ಅತ್ತೆಯದು. ಅವರನ್ನೂ ಕೂರಿಸಿಕೊಂಡು, ಕಾಳು ಚೀಲದಿಂದ ತಟ್ಟೆಗೆ ಬರುವವರೆಗೆ ಏನೇನು ನಡೆಯುತ್ತದೆಂದು ಹೇಳಿಸಲಾಯಿತು. ಅವರ ಮೊದಲ ಪ್ರಶ್ನೆ: "ಗೋಧಿ ಬಿಡಸ್ರಿ ಅಂದ್ರಿ, ಬಿಡಸೇವಿ. ಈಗ ನಮ್ಮ ಅಡಗಿಮನಿ ಹೊಲಸ ಐತಿ ಅಂತೀರೇನ್ರಿ?"

ಇದು ಹೊಲಸಿನ ಮಾತಲ್ಲ, ಅಳತೆಯ ಮಾತು. ಒಂದು ಗ್ರಾಂ ಗೋಧಿಹಿಟ್ಟಿನಲ್ಲಿ ಸುಮಾರು 90 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನ ಸೀಲಿಯಾಕ್ ರೋಗಿಗಳ ಕರುಳು ತಾಳಿಕೊಳ್ಳುತ್ತದೆ. ದಿನಾ 50 ಮಿಲಿಗ್ರಾಂ ಹೊಟ್ಟೆಗೆ ಹೋದರೆ ಮೂರು ತಿಂಗಳಲ್ಲಿ ಕರುಳಿನ ಒಳಪದರಕ್ಕೆ ಹಾನಿಯಾಗಬಹುದು. 50 ಮಿಲಿಗ್ರಾಂ ಅಂದರೆ ಅರ್ಧ ಗ್ರಾಂ ಹಿಟ್ಟು, ಒಂದು ಚಿಟಿಕೆ. ಹಂಚಿನ ಕಾವಿಗೆ ಗ್ಲುಟೆನ್ ಸುಟ್ಟುಹೋಗುತ್ತದೆ ಎಂಬ ನಂಬಿಕೆಯೂ ಆ ಮನೆಯಲ್ಲಿತ್ತು. ಹಾಗೇನೂ ಆಗುವುದಿಲ್ಲ.

ಅತಿ ದೊಡ್ಡ ಸೋರಿಕೆ ಮನೆಯ ಹೊರಗಿತ್ತು. ಜೋಳವನ್ನು ಓಣಿಯ ಗಿರಣಿಯಲ್ಲಿ, ಗೋಧಿ ಬೀಸಿದ ಅದೇ ಕಲ್ಲಿನಲ್ಲಿ ಬೀಸಿಸುತ್ತಿದ್ದರು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಂತೆ 'ಗ್ಲುಟೆನ್ ರಹಿತ' ಎಂದು ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿಹಿಟ್ಟು ಬೆರೆತರೂ ಆ ಗೆರೆ ದಾಟುತ್ತದೆ. ಗಿರಣಿಯ ಕಲ್ಲಿನ ಸಂದು, ಹಿಟ್ಟು ಬೀಳುವ ಬಟ್ಟೆಚೀಲ, ಕೆಳಗಿನ ಡಬ್ಬಿಯಲ್ಲಿ ಉಳಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು. "ಬೆಳಗಿನ ಮೊದಲ ಪಾಳಿ ನಮ್ಮದೇ ಹಾಕಿಸ್ತೀವಿ" ಎಂದರು. ಅದು ಸಾಲದು, ಹಿಂದಿನ ದಿನದ ಹಿಟ್ಟು ಕಲ್ಲಿನಲ್ಲೇ ಕೂತಿರುತ್ತದೆ.

ಕೊಟ್ಟ ಸಲಹೆ: ಆಕೆಯ ಪಾಲಿನ ಜೋಳವನ್ನು ಕಾಳಾಗಿಯೇ ತಂದು, ಗೋಧಿ ಕಾಳು ಸೇರಿದ್ದರೆ ಆರಿಸಿ, ತೊಳೆದು, ಬೇರೆ ಬಟ್ಟೆಯ ಮೇಲೆ ಒಣಗಿಸಬೇಕು. ಮಿಕ್ಸಿಗೆ ಹೊಸ ಜಾರ್ ತಂದು ಒಮ್ಮೆಗೆ 150 ಗ್ರಾಂನಷ್ಟೇ ಹಾಕಬೇಕು. ಹೆಚ್ಚು ಹಾಕಿದರೆ ಜಾರ್ ಬಿಸಿಯಾಗುತ್ತದೆ, ಹಿಟ್ಟು ತರಿಯಾಗುತ್ತದೆ. ಜರಡಿ ಹೊಸದೇ ಆಗಬೇಕು, ಹಳೆಯದರ ಕಣ್ಣುಗಳಲ್ಲಿ ಸಿಕ್ಕ ಹಿಟ್ಟು ತೊಳೆದರೆ ಹೋಗುವಂಥದ್ದಲ್ಲ. ಮಿಕ್ಸಿ ಹಿಟ್ಟಿನ ರೊಟ್ಟಿ ಅಂಚಿನಲ್ಲಿ ಬಿರಿಯುತ್ತದೆ, ಅದಕ್ಕೆ ಕುದಿಯುವ ಎಸರು ಹಾಕಿ ಹೆಚ್ಚು ಹೊತ್ತು ನಾದಬೇಕು. ಮನೆಗಿರಣಿ ಕೊಳ್ಳುವ ಮಾತೂ ಬಂತು. ಸಾವಿರಾರು ರೂಪಾಯಿ ಹಾಕುವ ಮೊದಲು ಮೂರು ತಿಂಗಳು ಹೀಗೆ ನೋಡಿ, ಕೊಂಡರೂ ಅದರಲ್ಲಿ ಒಂದು ದಿನವೂ ಗೋಧಿ ಬೀಸುವಂತಿಲ್ಲ ಎಂದು ಹೇಳಲಾಯಿತು.

ಎರಡನೆಯದು ಹಂಚಿನ ಸುತ್ತಮುತ್ತ. ಚಪಾತಿ, ರೊಟ್ಟಿ ಎರಡಕ್ಕೂ ಒಂದೇ ಹಂಚು, ಒಂದೇ ಪರಾತ. ಜಾಡು ಹಿಡಿಯುವಾಗ ಇದನ್ನು ಸೊಸೆಯೇ ಗಮನಿಸಿದಳು. ಯಾರ ಕಣ್ಣಿಗೂ ಬೀಳದಿದ್ದದ್ದು ಒಂದು ಬಟ್ಟೆ ಚೂರು. ಉಬ್ಬಲೆಂದು ಚಪಾತಿಯನ್ನು ಒತ್ತುವ ಬಟ್ಟೆಯನ್ನೇ ಮಾರನೆಯ ದಿನ ನೀರಲ್ಲಿ ಅದ್ದಿ ರೊಟ್ಟಿಯ ಮೇಲೆ ಸವರುತ್ತಿದ್ದರು. ಬಟ್ಟೆಯ ಎಳೆಯಲ್ಲಿದ್ದ ಒಣ ಗೋಧಿಹಿಟ್ಟು ಆ ನೀರಿನ ಜೊತೆ ನೇರವಾಗಿ ರೊಟ್ಟಿಗೆ ಹೋಗುತ್ತಿತ್ತು. ತುಪ್ಪದ ಚಮಚವೂ ಹಾಗೇ: ಚಪಾತಿಯ ಮೇಲೆ ಉಜ್ಜಿ, ಹಿಟ್ಟು ಅಂಟಿಸಿಕೊಂಡು, ಮತ್ತೆ ಡಬ್ಬಿಗೆ. ಅದೇ ತುಪ್ಪ ಆಕೆಯ ಅನ್ನಕ್ಕೆ.

ಹೊಸ ಹಂಚು, ಹೊಸ ಬಟ್ಟೆ, ಆಕೆಗೇ ಬೇರೆ ತುಪ್ಪದ ಡಬ್ಬಿ, ಬೇರೆ ಶೇಂಗಾ ಹಿಂಡಿಯ ಡಬ್ಬಿ. ಮುಚ್ಚಳಕ್ಕೆ ಕೆಂಪು ಪಟ್ಟಿ ಅಂಟಿಸಿ, ಎಲ್ಲವನ್ನೂ ಮೇಲಿನ ಹಲಗೆಯಲ್ಲಿಡಬೇಕು. ಕೆಳಗಿಟ್ಟರೆ ಮೇಲಿಂದ ಹಿಟ್ಟು ಉದುರುತ್ತದೆ. ಆಕೆಯ ರೊಟ್ಟಿ ಮೊದಲು ಆಗಿ, ಡಬ್ಬಿ ಸೇರಿ, ಮುಚ್ಚಳ ಬಿದ್ದ ಮೇಲೆಯೇ ಗೋಧಿಹಿಟ್ಟಿನ ಡಬ್ಬಿ ತೆರೆಯಬೇಕು, ಏಕೆಂದರೆ ಹಾರಿದ ಹಿಟ್ಟು ಗಂಟೆಗಟ್ಟಲೆ ಗಾಳಿಯಲ್ಲಿದ್ದು ತೆರೆದ ಪಾತ್ರೆಗಳ ಮೇಲೆ ಕೂರುತ್ತದೆ. ಕಟ್ಟೆಯನ್ನು ಒಣಬಟ್ಟೆಯಿಂದ ಝಾಡಿಸಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಸ್ಟೀಲ್ ತಟ್ಟೆ, ಲೋಟ, ಕುಕ್ಕರ್ ಬೇರೆ ಮಾಡಬೇಕಿಲ್ಲ. ಸಾಬೂನು ಹಚ್ಚಿ ಚೆನ್ನಾಗಿ ತೊಳೆದರೆ ಸಾಕು. ಇದನ್ನು ಒತ್ತಿ ಹೇಳಬೇಕಾಯಿತು. ಸೊಸೆಯ ತಟ್ಟೆಯನ್ನು ಪ್ರತ್ಯೇಕ ಇಟ್ಟರೆ ಕರುಳಿಗೆ ಏನೂ ಲಾಭವಿಲ್ಲ, ಮನಸ್ಸಿಗೆ ಮಾತ್ರ ಪೆಟ್ಟು. ಸೀಲಿಯಾಕ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ.

ಅನ್ನ ಮುಟ್ಟಿದ ಮುಸುರೆ ಕೈಯಿಂದ ಉಪ್ಪಿನಕಾಯಿ ಭರಣಿ ಮುಟ್ಟದ ರೂಢಿ ಆ ಮನೆಯಲ್ಲಿ ಮೊದಲಿನಿಂದ ಇತ್ತು. ಗೋಧಿಹಿಟ್ಟಿನ ಕೈಗೂ ಅದೇ ಕಟ್ಟು ಹಾಕಿಕೊಳ್ಳಿ ಎಂದದ್ದೇ ಅತ್ತೆಯ ಬಿಗುವು ಸಡಿಲಿತು. ಆದರೆ ಇಲ್ಲಿ ಬರೀ ನೀರು ಸಾಲದು, ಸಾಬೂನು ಬೇಕು. ಸ್ಯಾನಿಟೈಸರ್ ಕ್ರಿಮಿಗೆ ಮದ್ದು, ಕೈಗೆ ಅಂಟಿದ ಹಿಟ್ಟನ್ನು ತೆಗೆಯುವುದಿಲ್ಲ.

ಇಂಗಿನ ವಿಚಾರ. ಅಂಗಡಿಯ ಇಂಗು ಸಾಮಾನ್ಯವಾಗಿ ಅಂಟು ಮತ್ತು ಹಿಟ್ಟು ಸೇರಿಸಿ ಮಾಡಿದ ಕೂಟು ಇಂಗು, ಹಲವು ಬಗೆಗಳಲ್ಲಿ ಆ ಹಿಟ್ಟು ಗೋಧಿಯದು. ಒಗ್ಗರಣೆಯ ಒಂದು ಚಿಟಿಕೆಯಿಂದ ಒಬ್ಬರ ಪಾಲಿಗೆ ಬರುವುದು ಕೆಲವೇ ಮಿಲಿಗ್ರಾಂ, ಗಿರಣಿಯ ಮುಂದೆ ಸಣ್ಣದು. ಆದರೂ ಸಾರು, ಹಪ್ಪಳ, ಉಪ್ಪಿನಕಾಯಿ ಎಲ್ಲದರಲ್ಲೂ ದಿನಾ ಸೇರುತ್ತದೆ. ಅಕ್ಕಿಹಿಟ್ಟು ಬಳಸಿದ, 'ಗ್ಲುಟೆನ್ ರಹಿತ' ಎಂದು ಬರೆದ ಇಂಗು ತನ್ನಿ, ಸಿಗದಿದ್ದರೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಎಂದು ಸೂಚಿಸಲಾಯಿತು. ಮೆಂತ್ಯದ ಹಿಟ್ಟಿನಲ್ಲಂತೂ ಹುರಿದ ಗೋಧಿಯನ್ನೇ ಹಾಕುತ್ತಿದ್ದರು, ಅದು ಯಾರಿಗೂ ನೆನಪಾಗಿರಲಿಲ್ಲ! ಸಂಬಂಧಿಕರು ಒಳ್ಳೆಯದೆಂದು ಕಳಿಸಿದ ಜವೆಗೋಧಿಯೂ ಗೋಧಿಯೇ. ಅದು ಒಳ್ಳೆಯದೆಂದು ಸಕ್ಕರೆ ಕಾಯಿಲೆಯವರಿಗೆ ಹೇಳುವ ಮಾತನ್ನು ಇಲ್ಲಿಗೆ ತರಬಾರದು. ಸತ್ಯನಾರಾಯಣ ಪೂಜೆಯ ಸಪಾದಕ್ಕೆ ರವೆ ಹಾಕುವುದರಿಂದ ಆಕೆಗೆ ಬಾಳೆಹಣ್ಣು ಮತ್ತು ಕಲ್ಲುಸಕ್ಕರೆಯೇ ಪ್ರಸಾದ.

ಏಳು ವರ್ಷದ ಮಗನಿಗೂ ಮುಂಜಾಗ್ರತೆಯೆಂದು ಚಪಾತಿ ನಿಲ್ಲಿಸುವ ಯೋಚನೆಯಲ್ಲಿದ್ದರು. ಅದನ್ನು ತಡೆಯಲಾಯಿತು. ತಾಯಿಗೆ ಸೀಲಿಯಾಕ್ ಇದ್ದರೆ ಮಗುವಿಗೂ ರಕ್ತಪರೀಕ್ಷೆ ಬೇಕು, ಆದರೆ ಪರೀಕ್ಷೆಗೆ ಮೊದಲೇ ಗೋಧಿ ಬಿಡಿಸಿದರೆ ಕಾಯಿಲೆ ಇದ್ದರೂ ವರದಿ ಸರಿಯಿದೆ ಎಂದೇ ಬರಬಹುದು.

ಆರು ತಿಂಗಳ ನಂತರದ ವರದಿಯಲ್ಲಿ ಟಿಟಿಜಿ ಮತ್ತೆ ಇಳಿದಿತ್ತು, ಇನ್ನೂ ಸಹಜ ಮಟ್ಟಕ್ಕೆ ಬಂದಿರಲಿಲ್ಲ. ಹಿಮೋಗ್ಲೋಬಿನ್ 9.2ರಿಂದ 11ಕ್ಕೆ ಏರಿತ್ತು. ಮದುವೆ ಮನೆಗಳಲ್ಲಿ ಏನು ಮಾಡುವುದೆಂಬುದು ಮಾತ್ರ ಬಗೆಹರಿದಿಲ್ಲ. ಸದ್ಯ ಆಕೆ ಡಬ್ಬಿ ಒಯ್ಯುತ್ತಾಳೆ, ಅತ್ತೆಗೆ ಅದು ಸಂಕೋಚ. ಮುಂದಿನ ಪರೀಕ್ಷೆಯಲ್ಲೂ ಅಂಕಿ ಇಳಿಯದಿದ್ದರೆ ಅಡುಗೆಮನೆಯನ್ನು ಮತ್ತಷ್ಟು ತಿಕ್ಕುತ್ತಾ ಕೂರದೆ, ಗ್ಯಾಸ್ಟ್ರೋ ವೈದ್ಯರನ್ನು ಕಂಡು ಬೇರೆ ಕಾರಣ ಹುಡುಕಿಸಿ ಎಂದು ಇಬ್ಬರಿಗೂ ಬರೆದುಕೊಡಲಾಗಿದೆ.