ಬ್ರಾಡ್‌ಫರ್ಡಿನಲ್ಲಿ ಲಾನ್ ಸೂಟ್ ಕೊಳ್ಳುವ ಮುಂಚೆ

ಪ್ರಶ್ನೆ: ಗಂಡನ ಕೆಲಸದ ಮೇಲೆ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ಗೆ ಬಂದಿದ್ದೇವೆ. ಇಲ್ಲಿ ಎಲ್ಲಿ ನೋಡಿದರೂ ಪಾಕಿಸ್ತಾನದವರ ಬಟ್ಟೆ ಅಂಗಡಿ. ಇಷ್ಟೊಂದು ಹೇಗೆ ಬಂದವು? ಅವರ ಲಾನ್ ಸೂಟ್, ಅಂದರೆ ತೆಳು ಹತ್ತಿ ಬಟ್ಟೆಯ ಸಲ್ವಾರ್ ಕಮೀಜ್, ತಗೊಳ್ಳುವಾಗ ಏನು ನೋಡಬೇಕು? ಶಿವಮೊಗ್ಗದಲ್ಲಿರುವ ಅಕ್ಕನಿಗೂ ಎರಡು ಕಳಿಸಬೇಕು ಅಂತಿದ್ದೇನೆ.

ಉತ್ತರ: ಅವರು ಅಲ್ಲಿಗೆ ಬಂದದ್ದೇ ಬಟ್ಟೆಯ ಕೆಲಸಕ್ಕೆ! ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಗಿರಣಿಗಳ ರಾತ್ರಿ ಪಾಳಿಗೆ ಆಳು ಸಿಗುತ್ತಿರಲಿಲ್ಲ. ಆ ಕಡೆ ಪಾಕಿಸ್ತಾನದ ಹಿಡಿತದಲ್ಲಿರುವ ಕಾಶ್ಮೀರದಲ್ಲಿ 1960ರ ದಶಕದಲ್ಲಿ ಮಂಗ್ಲಾ ಅಣೆಕಟ್ಟು ಕಟ್ಟಿದಾಗ ಮೀರ್‌ಪುರ ಸೀಮೆಯ ಸುಮಾರು ಲಕ್ಷ ಜನರ ಮನೆ, ಜಮೀನು ನೀರಿನ ಪಾಲಾಯಿತು, ಅವರಲ್ಲಿ ತುಂಬಾ ಜನ ಮೊದಲೇ ಇಂಗ್ಲೆಂಡ್ ಸೇರಿದ್ದ ನೆಂಟರಿಷ್ಟರ ಬೆನ್ನು ಹಿಡಿದು ಹೊರಟರು. ಮುಳುಗಡೆ ಅಂದರೆ ಏನು ಅಂತ ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಆಮೇಲೆ ಗಿರಣಿಗಳು ಮುಚ್ಚಿದವು, ಜನ ಅಲ್ಲೇ ಉಳಿದರು. 2021ರ ಜನಗಣತಿ ಪ್ರಕಾರ ಬ್ರಾಡ್‌ಫರ್ಡ್ ಜಿಲ್ಲೆಯಲ್ಲಿ ನೂರಕ್ಕೆ 25 ಜನ ಪಾಕಿಸ್ತಾನಿ ಮೂಲದವರು. ಇವರ ಹೆಂಗಸರಿಗೆ ಬೇಕಾದ ಸಲ್ವಾರ್ ಕಮೀಜ್ ಇಂಗ್ಲಿಷರ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ಊರಿಗೆ ಹೋಗಿ ಬರುವವರ ಪೆಟ್ಟಿಗೆಯಲ್ಲಿ ಬಟ್ಟೆ ಬಂತು, ಮನೆಯಲ್ಲೇ ಹೊಲಿಗೆ ಯಂತ್ರ ಓಡಿತು, ನಿಧಾನಕ್ಕೆ ಅಂಗಡಿಗಳಾದವು. 1998ರಲ್ಲಿ ಕರಾಚಿಯಲ್ಲಿ ಹುಟ್ಟಿದ 'ಖಾಡಿ'ಯಂಥ ಕಂಪನಿಗಳು ಈಗ ಬ್ರಿಟನ್ನಿನ ದೊಡ್ಡ ಮಾಲ್‌ಗಳಿಗೇ ಕಾಲಿಟ್ಟಿವೆ.

ಅಂಗಡಿಯವರ ತಲೆನೋವು ಈದ್. ಹಬ್ಬ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2018ರಲ್ಲಿ ರಂಜಾನ್ ಹಬ್ಬ ಜೂನ್ ಮಧ್ಯದಲ್ಲಿತ್ತು, 2025ರಲ್ಲಿ ಮಾರ್ಚ್ ಕೊನೆಗೆ ಬಂತು. ಕರಾಚಿಯ ಸೆಕೆಗೆ ಹೇಳಿ ಮಾಡಿಸಿದ ತೆಳು ಹತ್ತಿಯ ಲಾನನ್ನು ಬ್ರಾಡ್‌ಫರ್ಡಿನ ಮಾರ್ಚ್ ಚಳಿಯಲ್ಲಿ ಉಡೋದು ಹೇಗೆ? ಅದಕ್ಕೇ ಪಕ್ಕದಲ್ಲೇ ದಪ್ಪನೆಯ ಖದ್ದರ್ ಇಟ್ಟಿರುತ್ತಾರೆ. ಲಾನ್ ನೋಡಿ ಮರುಳಾಗುವ ಮುಂಚೆ ಅದನ್ನೂ ಕೇಳಿ.

ಇನ್ನು ಕೊಳ್ಳುವ ವಿಚಾರ. ಹೊಲಿಯದ ತ್ರೀ ಪೀಸ್ ಅಂದರೆ ಟಾಪು, ಪ್ಯಾಂಟು, ವೇಲು. ಆದರೆ ಕವರ್ ಬಿಚ್ಚಿದರೆ ಮೂರೇ ತುಂಡು ಇರುವುದಿಲ್ಲ. ಕಸೂತಿಯ ಕತ್ತಿನ ಪಟ್ಟಿ, ಕೆಳಗಿನ ಅಂಚು, ತೋಳಿನ ಅಂಚು ಬೇರೆ ಬೇರೆಯಾಗಿ ಇರುತ್ತವೆ, ಕೆಲವದರಲ್ಲಿ ಮುಂಭಾಗ, ಹಿಂಭಾಗವೂ ಬೇರೆ. ಕವರಿನ ಮೇಲಿನ ಫೋಟೋ ಎಸೆಯಬೇಡಿ, ಟೈಲರ್‌ಗೆ ಅದೇ ದಾರಿ. ಪ್ಯಾಂಟಿನ ಬಟ್ಟೆ ಹೊಲಿಸುವ ಮೊದಲೇ ನೀರಿಗೆ ಹಾಕಿ ತೆಗೆಯಿರಿ, ಆಮೇಲೆ ಮೊಣಕಾಲಿಗೆ ಏರಿತು ಅಂತ ಗೋಳಾಡಬಾರದು. ಬಟ್ಟೆಯ ಅಂಚಿನಲ್ಲಿ ಕಂಪನಿ ಹೆಸರು ಅಚ್ಚಾಗಿದೆಯಾ ನೋಡಿ. ಹಾಗಂತ ಅದೊಂದನ್ನೇ ನಂಬಬೇಡಿ, ಏಕೆಂದರೆ ನಕಲು ಮಾಡುವವರು ಅದನ್ನೂ ಅಚ್ಚು ಹಾಕುತ್ತಾರೆ. 'ರೆಪ್ಲಿಕಾ', ಅಂದರೆ ನಕಲು, ಅಂತ ಬಾಯಿಬಿಟ್ಟು ಹೇಳಿ ಮಾರುವವನೇ ವಾಸಿ.

ಅಕ್ಕನಿಗೆ ಮಾತ್ರ ಕಳಿಸಬೇಡಿ. 2025ರ ಮೇ 2ರಿಂದ ಪಾಕಿಸ್ತಾನದ ಯಾವ ಸರಕನ್ನೂ ಭಾರತ ಒಳಗೆ ಬಿಡುತ್ತಿಲ್ಲ, ಬೇರೆ ದೇಶದ ಮೂಲಕ ಬಂದರೂ ಅಷ್ಟೇ. ದುಬೈ ದಾರಿಯಲ್ಲಿ ಬಂದ ಒಣ ಖರ್ಜೂರವನ್ನೇ ಮುಂಬೈ ಕಡೆ ಹಿಡಿದು ಹಾಕಿದ್ದಾರೆ. ಸುಮ್ನೆ ಯಾಕೆ ತಾಪತ್ರಯ? ಇಂಗ್ಲೆಂಡಿನದೇ ಒಂದು ಒಳ್ಳೆ ಉಣ್ಣೆ ಶಾಲು ಕಳಿಸಿ.

ಪ್ರಶ್ನೆ: ದುಬೈನ ಮೀನಾ ಬಜಾರಿನಲ್ಲಿ ಹಿಂದಿ ಮಾತಾಡುವ ಬಟ್ಟೆ ವ್ಯಾಪಾರಿಗಳೆಲ್ಲ ಪಾಕಿಸ್ತಾನದವರಾ? ಅಲ್ಲಿ ಚೌಕಾಸಿ ನಡೆಯುತ್ತದಾ?

ಉತ್ತರ: ಎಲ್ಲರೂ ಅಲ್ಲ. ದುಬೈನ ಹಳೆಯ ವ್ಯಾಪಾರಿಗಳಲ್ಲಿ ಥಟ್ಟಾ ಊರಿನ ಸಿಂಧಿ ಹಿಂದೂಗಳು ತುಂಬಾ ಜನ. ಆ ಊರು ಈಗಿರುವುದು ಪಾಕಿಸ್ತಾನದಲ್ಲಿ, ಅವರು ಮಾತ್ರ ಭಾರತೀಯರು. ಚೌಕಾಸಿ ಧಾರಾಳವಾಗಿ ಮಾಡಿ. ಒಂದು ಸೂಟಿಗಿಂತ ಮೂರು ಒಟ್ಟಿಗೆ ಕೇಳಿದರೆ ಬೆಲೆ ಜಾಸ್ತಿ ಇಳಿಯುತ್ತದೆ, ಹೊಲಿಗೆ ಕೂಲಿಯನ್ನು ಮಾತ್ರ ಬೇರೆ ಮಾತಾಡಿಕೊಳ್ಳಿ.